ಕಾಡಾಮೆಯ ಕ್ಷೇತ್ರ ಅಧ್ಯಯನ: ಪೂರ್ವಾನುಮತಿ ಕುರಿತ ಮಾಹಿತಿ

ಪಶ್ಚಿಮ ಘಟ್ಟದ ನೆಲವಾಸಿ ಕಾಡಾಮೆಯು (ವಿಜಯಚೆಲಿಸ್ ಸಿಲ್ವಾಟಿಕಾ) 1912ರಲ್ಲಿ ವಿವರಿಸಲ್ಪಟ್ಟ ಬಳಿಕ ಸುಮಾರು 70 ವರ್ಷ ಸಂಶೋಧಕರಿಗೆ ಕಾಣಸಿಗಲಿಲ್ಲ. 1982ರಲ್ಲಿ ಜೆ. ವಿಜಯಾ ಅವರು ಕೇರಳದಲ್ಲಿ ಅದನ್ನು ಪುನಃ ಪತ್ತೆ ಮಾಡಿದರು. 2006ರಲ್ಲಿ ಅದರ ಕುಲಕ್ಕೆ ಅವರ ಹೆಸರನ್ನಿಡಲಾಯಿತು. ಕರ್ನಾಟಕದ ಘಟ್ಟಗಳಲ್ಲಿಯೂ ಇದು ವಾಸಿಸುತ್ತದೆ.

ಆಮೆಗೆ ಗುರುತು ಹಾಕಿ, ಸಿಕ್ಕಿದಲ್ಲಿಯೇ ಬಿಟ್ಟು, ವರ್ಷಗಳ ನಂತರ ಪುನಃ ಗುರುತಿಸುವುದು ದೀರ್ಘಾವಧಿ ಅಧ್ಯಯನದ ಕ್ರಮ. ಆದರೆ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರನ್ವಯ ಹಿಡಿಯುವುದೂ ‘ಬೇಟೆ’ಯೇ ಆಗಿರುತ್ತದೆ. ಆದ್ದರಿಂದ ಕಾರ್ಕಳ ಭಾಗದ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಅಧ್ಯಯನ ಮಾಡಲಿಚ್ಛಿಸುವವರು ಪ್ರವೇಶಕ್ಕೆ ಕಲಂ 28 ಹಾಗೂ ಹಿಡಿಯಲು ಕಲಂ 12ರ ಮೇರೆಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿ ಪಡೆಯತಕ್ಕದ್ದು.

ಬೇರೆಡೆಗೆ ಒಯ್ದ ಆಮೆಯ ಮೂಲ ನೆಲೆ ತಿಳಿಯದಾಗುವುದರಿಂದ, ಆಮೆ ಕಂಡ ಸಾರ್ವಜನಿಕರು ಅದನ್ನು ಮನೆಗೊಯ್ಯದೆ, ಕಂಡ ಸ್ಥಳವನ್ನು ಸಮೀಪದ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸುವುದು.