ಬಾಕಿ, ರಸೀದಿ, ಚೆಕ್ಕು

ಗಟ್ಟಿನಲ್ಲಾಗಲಿ ಗದ್ವಾಲದಲ್ಲಾಗಲಿ ಕಿರಾಣಿ ಅಂಗಡಿಗೆ ಹೋಗಿ ನಿಮ್ಮ ಲೆಕ್ಕ ಕೇಳಿ ನೋಡಿ. ಅಂಗಡಿಯವರು ತೆಲುಗಿನಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ, ಬಾಕಿ ಬಾಕಿಯೇ, ಜಮಾ ಜಮಾನೇ, ನಗದು ನಗದೇ. ಊಟಕ್ಕೆ, ನೆಂಟಸ್ತಿಕೆಗೆ ಬೇರೆ ಬೇರೆ ಮಾತುಗಳಿದ್ದ ಎರಡು ಭಾಷೆಗಳು ಹಣ ಕೊಡುವ ಹೊತ್ತಿಗೆ ಒಂದೇ ಆಗಿಬಿಡುತ್ತವೆ. ಕಾರಣ ಸರಳ. ಹಣ ಕೇಳಿದವರು ಯಾರೋ ಅವರ ಮಾತೇ ಕೊಡುವವರ ಬಾಯಿಗೂ ಬಂತು.

ಗದ್ವಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯಿಂದ ಬಿಟ್ಟು ಮಹಬೂಬ್‌ನಗರ ಜಿಲ್ಲೆಗೆ ಸೇರಿತು. ಅದಕ್ಕೂ ಮೊದಲು ಎಲ್ಲವೂ ಹೈದರಾಬಾದ್ ಸಂಸ್ಥಾನ. ಅಲ್ಲಿನ ಕಚೇರಿ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಬಾಕಿ ಎಂದರೆ ಅರಬ್ಬಿಯಲ್ಲಿ ಉಳಿದದ್ದು. ರಸೀದಿಯ ಮೂಲ ಪಾರಸಿಯ ‘ರಸೀದ್’, ಅಂದರೆ ತಲುಪಿತು. ‘ನಿಮ್ಮ ಹಣ ನಮಗೆ ತಲುಪಿತು’ ಎಂದು ಬರೆದುಕೊಟ್ಟ ಚೀಟಿಯೇ ರಸೀದಿ. ಮರಾಠಿಯ ‘ಪಾವತಿ’ಯೂ ಮೂಲದಲ್ಲಿ ಇಂಥದೇ ಚೀಟಿ. ಕನ್ನಡಕ್ಕೆ ಬಂದು ಅದು ಹಣ ಕಟ್ಟುವ ಕೆಲಸಕ್ಕೇ ಹೆಸರಾಯಿತು.

ಆಗ ಕೊಡುವ ರೂಪಾಯಿ ಯಾವುದು ಎಂಬುದೂ ಒಂದು ಪ್ರಶ್ನೆ. ನಿಜಾಮರದು ಹಾಲಿ ಸಿಕ್ಕಾ, ಇಂಗ್ಲಿಷರದು ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. ಕಲ್ದಾರಿನಲ್ಲಿ ನೂರು ರೂಪಾಯಿ ಸಾಲ ಇದ್ದವರು ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ ಎಣಿಸಬೇಕಿತ್ತು. ಪತ್ರದಲ್ಲಿ ಒಂದು ಮಾತು ಆಚೀಚೆ ಆದರೆ ಹದಿನಾರು ರೂಪಾಯಿಯ ಮೇಲೆ ಹೊಡೆತ! ಹಾಲಿ ಸಿಕ್ಕಾ 1959ರಲ್ಲಿ ಚಲಾವಣೆಯಿಂದ ಹೋಯಿತು.

ಹಾಗಾದರೆ ನಮ್ಮದೇ ಮಾತು ಇರಲಿಲ್ಲವೇ? ಇತ್ತು. ತೆರು ಎಂಬುದು ಹಳಗನ್ನಡದ ಕ್ರಿಯಾಪದ, ತೆರಿಗೆ ಅದರ ಕೂಸು. ಇನ್ನೊಂದು, ಸಲ್ಲು. ತೆಲುಗಿನ ಚೆಲ್ಲು ಇದರ ಒಡಹುಟ್ಟು. ಕನ್ನಡದ ನಾಣ್ಯ ಸಲ್ಲುತ್ತದೆ, ತೆಲುಗಿನದು ಚೆಲ್ಲುತ್ತದೆ. ಎರಡು ಭಾಷೆ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷಿನ ಮಾತುಗಳು ಬಂದದ್ದೂ ಇದೇ ದಾರಿಯಲ್ಲಿ, ಕಚೇರಿ ಮತ್ತು ಬ್ಯಾಂಕಿನ ಬಾಗಿಲಿನಿಂದ. ಆದರೆ ಅವೂ ಎಲ್ಲಿಂದಲೋ ಬಂದವೇ. ಬಿಲ್ ಎಂಬುದು ಲ್ಯಾಟಿನ್ನಿನ ‘ಬುಲ್ಲಾ’, ಅಂದರೆ ಮೊಹರು, ಎಂಬ ಮಾತಿನಿಂದ ಹುಟ್ಟಿದ್ದು. ಚೆಕ್ಕಿನ ಕಥೆ ಇನ್ನೂ ಸೊಗಸು. ಪಾರಸಿಯ ‘ಶಾಹ್’ ಚದುರಂಗದ ರಾಜನಾಗಿ ಯುರೋಪಿಗೆ ಹೋಗಿ ‘ಚೆಕ್’ ಆಯಿತು. ಚದುರಂಗದ ಮಣೆಯಂತೆ ಚೌಕುಳಿಯ ಬಟ್ಟೆ ಹಾಸಿ ಹಣ ಎಣಿಸುತ್ತಿದ್ದ ಇಂಗ್ಲೆಂಡಿನ ಖಜಾನೆಗೆ ‘ಎಕ್ಸ್‌ಚೆಕರ್’ ಎಂಬ ಹೆಸರೂ ಅದೇ ಬಳ್ಳಿಯದು. ಅಂದರೆ ನಿಜಾಮರ ಕಚೇರಿಯ ರಸೀದಿಗೂ ಬ್ಯಾಂಕಿನ ಚೆಕ್ಕಿಗೂ ತವರುಮನೆ ಒಂದೇ!

ಅದೇ ಖಜಾನೆಯಲ್ಲಿ ‘ಟ್ಯಾಲಿ’ ಎಂಬ ಕಡ್ಡಿಗಳಿದ್ದವು. ಕಡ್ಡಿಗೆ ಕಚ್ಚು ಹಾಕಿ ಉದ್ದಕ್ಕೆ ಸೀಳಿದರೆ ಇಬ್ಬರ ಕೈಯಲ್ಲೂ ಲೆಕ್ಕ. ಕೂಡಿಸಿದಾಗ ಕಚ್ಚು ಹೊಂದಬೇಕು, ಮೋಸಕ್ಕೆ ಎಡೆಯಿಲ್ಲ. ಓದು ಬರದವರಿಗೂ ಸಾಕ್ಷಿ ಸಿಗುತ್ತಿದ್ದ ಇಂಥ ಲೆಕ್ಕವನ್ನು ನಾನು ಸಣ್ಣದೆನ್ನಲಾರೆ. 1834ರಲ್ಲಿ ಹಳೆಯ ಕಡ್ಡಿಗಳನ್ನು ಒಲೆಗೆ ಹಾಕಲು ಹೋಗಿ ಪಾರ್ಲಿಮೆಂಟ್ ಭವನವೇ ಸುಟ್ಟುಹೋಯಿತು. ಇಂದು ಬೆಂಗಳೂರಿನ ಟ್ಯಾಲಿ ಕಂಪನಿಯ ಲೆಕ್ಕದ ತಂತ್ರಾಂಶದಲ್ಲಿ ಆ ಹೆಸರು ಉಳಿದಿದೆ.

ಹಣ ಕೊಡುವುದನ್ನು ಇಂಗ್ಲಿಷರು ‘ಫುಟ್ ದಿ ಬಿಲ್’ ಎನ್ನುತ್ತಾರೆ. ಮೊದಲು ಅದರರ್ಥ ಬಿಲ್ಲಿನ ಬುಡದಲ್ಲಿ ಮೊತ್ತ ಕೂಡಿಸುವುದು. ಕೂಡಿಸಿದವರೇ ಕೊಡಬೇಕಾಯಿತೇನೋ! ಅವರ ಖರ್ಚು ಕಾಲ ಬಳಿ ಬಿದ್ದರೆ ನಮ್ಮದನ್ನು ಯಾರದಾದರೂ ತಲೆಗೆ ಕಟ್ಟುತ್ತೇವೆ.

ಇನ್ನು ಕರೆಂಟ್ ಬಿಲ್ಲಿನಲ್ಲಿ ‘ಅರಿಯರ್ಸ್’ ಎಂದಿದ್ದರೆ ಅದು ನಿಮ್ಮ ಹಳೇ ಬಾಕಿ. ‘ಡ್ಯೂ ಡೇಟ್’ ಎಂದರೆ ವಾಯಿದೆ. ಸಾಲದ ರಸೀದಿಯಲ್ಲಿ ‘ಆನ್ ಅಕೌಂಟ್’ ಎಂದು ಬರೆದಿದ್ದರೆ ಲೆಕ್ಕಕ್ಕೆ ಒಂದಿಷ್ಟು ಜಮಾ ಆಯಿತು ಅಷ್ಟೆ, ಸಾಲ ತೀರಿತೆಂದಲ್ಲ. ತೀರಿದ್ದರೆ ‘ಚುಕ್ತಾ’ ಎಂಬ ಮಾತನ್ನೇ ಕೇಳಿ ಬರೆಸಿಕೊಳ್ಳಿ. ಯಾವ ಭಾಷೆಯಲ್ಲಾದರೂ ಸರಿ.