ಪಿತ್ತ ಎದ್ದರೆ ಪುನರ್ಪುಳಿ ಸಾಕೇ? ತುರಿಕೆಯ ಹಿಂದಿನ ಹಿಸ್ಟಮಿನ್ ಕಥೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮೈಮೇಲೆ ದಿಢೀರನೆ ದದ್ದು ಎದ್ದು ತುರಿಸತೊಡಗಿದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು "ಪಿತ್ತ ಎದ್ದಿದೆ, ಪುನರ್ಪುಳಿ ಕುಡಿ" ಎಂಬುದು. ಕುಡಿದ ಕೆಲವು ಗಂಟೆಗಳಲ್ಲಿ ದದ್ದು ಇಳಿಯುವುದೂ ನಿಜ. ಹಾಗಾದರೆ ಇಳಿಸಿದ್ದು ಪುನರ್ಪುಳಿಯೇ?

ಪಿತ್ತಗಂಧೆಯ ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿಯೇ ಮಾಯವಾಗುತ್ತದೆ. ಆ ಹೊತ್ತಿನಲ್ಲಿ ಏನು ಕುಡಿದಿರುತ್ತೇವೋ ಅದಕ್ಕೆ ಹೆಸರು ಸಿಗುತ್ತದೆ. ಪುನರ್ಪುಳಿ ಸಾರು ರುಚಿಯಾಗಿದೆ, ಕುಡಿಯಲು ನಮ್ಮ ತಕರಾರಿಲ್ಲ. ಆದರೆ ಈ ದದ್ದಿಗೂ ಯಕೃತ್ತು ಸ್ರವಿಸುವ ಪಿತ್ತರಸಕ್ಕೂ ಸಂಬಂಧವಿಲ್ಲ, ರಕ್ತ ಕೆಟ್ಟಿದೆ ಎಂದೂ ಅರ್ಥವಲ್ಲ.

ನಡೆಯುವುದು ಇಷ್ಟು. ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳಿವೆ. ಅವುಗಳೊಳಗೆ ಹಿಸ್ಟಮಿನ್ ತುಂಬಿದ ಪುಟ್ಟ ಚೀಲಗಳಿರುತ್ತವೆ. ಸಿಗಡಿ, ಯಾವುದೋ ಮಾತ್ರೆ, ಕಣಜದ ವಿಷ, ವೈರಸ್ ಸೋಂಕು, ಕೆಲವರಿಗೆ ಬರೀ ಚಳಿ ಅಥವಾ ಉಜ್ಜುವಿಕೆ ಸಾಕು, ಚೀಲ ಒಡೆಯುತ್ತದೆ. ಹೊರಬಂದ ಹಿಸ್ಟಮಿನ್ ಕೀಲಿಯಂತೆ ಹೋಗಿ 'ಎಚ್1 ಗ್ರಾಹಕ' ಎಂಬ ಬೀಗದಲ್ಲಿ ಕೂರುತ್ತದೆ. ರಕ್ತನಾಳದ ಗೋಡೆಯಲ್ಲಿರುವ ಬೀಗ ತೆರೆದರೆ ನಾಳ ಹಿಗ್ಗಿ, ನೀರು ಸೋರಿ ಚರ್ಮ ಉಬ್ಬುತ್ತದೆ. ನರದ ತುದಿಯದ್ದು ತೆರೆದರೆ ತುರಿಕೆ. ಮೊದಲು ಕೆಂಪು ಗೆರೆ, ಸುತ್ತ ಹರಡುವ ಕೆಂಪು, ಕೊನೆಗೆ ಉಬ್ಬು: ಈ ಮೂರು ಹಂತಗಳನ್ನು ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ 1927ರಲ್ಲೇ ವಿವರಿಸಿದ್ದರು. ಅಂದಹಾಗೆ, ಕಂಬಳಿಯಿಂದ ಮೈ ಉಜ್ಜುವುದು, ಬಿಸಿನೀರು ಸುರಿದುಕೊಳ್ಳುವುದು ಎರಡೂ ತುರಿಕೆಯನ್ನು ಹೆಚ್ಚಿಸಬಹುದು. ತಣ್ಣೀರ ಬಟ್ಟೆ ಮೇಲು. ಚಳಿಗೇ ದದ್ದು ಏಳುವವರಿಗೆ ಮಾತ್ರ ಅದೂ ಬೇಡ.

ಹಿಸ್ಟಮಿನ್‌ಗೆ ನಾಲ್ಕು ಬಗೆಯ ಗ್ರಾಹಕಗಳಿವೆ. ಎಚ್2ರ ಮುಖ್ಯ ಕೆಲಸ ಹೊಟ್ಟೆಯ ಆಮ್ಲ, ಎಚ್3 ಮಿದುಳಿನಲ್ಲಿ, ಎಚ್4 ಹೆಚ್ಚಾಗಿ ರಕ್ಷಣಾ ಕೋಶಗಳಲ್ಲಿ. ಚರ್ಮದ ದದ್ದಿನ ಮಟ್ಟಿಗೆ ಎಚ್1 ಪ್ರಧಾನ. ಸೆಟಿರಿಜಿನ್‌ನಂಥ ಮಾತ್ರೆ ಆ ಬೀಗದಲ್ಲಿ ತಾನೇ ಕುಳಿತು ಹಿಸ್ಟಮಿನ್‌ಗೆ ಜಾಗ ಬಿಡುವುದಿಲ್ಲ. ಅದು ಹಿಸ್ಟಮಿನ್ ಅನ್ನು ನಾಶ ಮಾಡುವುದಿಲ್ಲ, ಸೋರಿದ ನೀರನ್ನು ಹಿಂದಕ್ಕೆ ಎಳೆಯುವುದೂ ಇಲ್ಲ. ಅದಕ್ಕೇ ನುಂಗಿದ ಕೂಡಲೇ ಉಬ್ಬು ಇಳಿಯದು. ಎಚ್1 ಮಿದುಳಿನಲ್ಲೂ ಇದ್ದು ನಮ್ಮನ್ನು ಎಚ್ಚರವಾಗಿಡುತ್ತದೆ. ಹಳೆಯ ಕಾಲದ ಅವಿಲ್‌ನಂಥ ಮಾತ್ರೆ ಅಲ್ಲಿಗೂ ತಲುಪುವುದರಿಂದ ನಿದ್ದೆ ಬರುತ್ತದೆ. ನುಂಗಿ ಬೈಕ್ ಹತ್ತಬೇಡಿ.

ಎಲ್ಲ ತುರಿಕೆಗೂ ಇದೇ ಮಾತ್ರೆ ಎಂಬ ಫಾರ್ವರ್ಡ್ ಬಂದರೆ ನಂಬಬೇಡಿ. ಗೇರುಬೀಜದ ಸಿಪ್ಪೆಯ ಎಣ್ಣೆ ಅಥವಾ ಕಾಡುಗೇರಿನ ಸೊನೆ ತಾಗಿದವರಿಗೆ ಆ ಕ್ಷಣ ಏನೂ ಆಗದಿರಬಹುದು; ಒಂದೆರಡು ದಿನ ಬಿಟ್ಟು ನೀರು ತುಂಬಿದ ಗುಳ್ಳೆ ಏಳುತ್ತದೆ, ವಾರಗಟ್ಟಲೆ ಉಳಿಯುತ್ತದೆ. ಇದು ಟಿ ಕೋಶಗಳ ನಿಧಾನದ ಸಿಟ್ಟು, ಹಿಸ್ಟಮಿನ್ ಪಾತ್ರ ಇಲ್ಲಿ ಅತ್ಯಲ್ಪ. (ಗೇರುಬೀಜದ ತಿರುಳು ತಿಂದು ಆಗುವ ಅಲರ್ಜಿ ಬೇರೆ, ಅದು ಹಿಸ್ಟಮಿನ್‌ನದ್ದೇ.) ನಸುಗುನ್ನಿಯ ರೋಮದ ಕಥೆ ಇನ್ನೂ ಬೇರೆ: ಅದರಲ್ಲಿರುವ ಮುಕುನೇನ್ ಎಂಬ ಕಿಣ್ವ ನರದ ಮೇಲಿನ ಮತ್ತೊಂದು ಗ್ರಾಹಕವನ್ನು ಕೆಣಕುತ್ತದೆ. ಎಚ್1 ಬೀಗ ಮುಚ್ಚಿದರೂ ತುರಿಕೆ ನಿಲ್ಲದು. ಉಜ್ಜದೆ, ಅಂಟುಪಟ್ಟಿ ಒತ್ತಿ ಕಿತ್ತು ರೋಮ ತೆಗೆಯುವುದೇ ಸರಿ.

ದದ್ದು ಆರು ವಾರ ದಾಟಿಯೂ ಬಂದು ಹೋಗುತ್ತಿದ್ದರೆ ಚರ್ಮವೈದ್ಯರನ್ನು ಕಾಣಿ.

ನಿಜಕ್ಕೂ ಹೆದರಬೇಕಾದ್ದು ಒಂದಿದೆ. ತೋಟದಲ್ಲಿ ಕಣಜವೋ ಹೆಜ್ಜೇನೋ ಕಚ್ಚಿದ ಮೇಲೆ, ಅಥವಾ ಏನಾದರೂ ತಿಂದ ಮೇಲೆ, ದದ್ದಿನ ಜೊತೆ ನಾಲಗೆ ಊತ, ಸ್ವರ ಬದಲು, ಉಬ್ಬಸ, ತಲೆಸುತ್ತು, ವಾಂತಿ ಕಂಡರೆ ಅದು ಅನಾಫಿಲಾಕ್ಸಿಸ್. ಆಗ ಪುನರ್ಪುಳಿಯೂ ಸಾಲದು, ಸೆಟಿರಿಜಿನ್ನೂ ಸಾಲದು; ಬೇಕಾದ್ದು ತೊಡೆಗೆ ಅಡ್ರಿನಾಲಿನ್ ಚುಚ್ಚುಮದ್ದು. ಚಾರ್ಮಾಡಿ ಬುಡದ ಒಳಮನೆಯಿಂದ ಆಸ್ಪತ್ರೆಗೆ ಬರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಮಾತ್ರೆ ಕೆಲಸ ಮಾಡುತ್ತದೋ ನೋಡೋಣ ಎಂದು ಕಾಯದೆ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನ ಹತ್ತಿ. ರೋಗಿಯನ್ನು ಮಲಗಿಸಿ, ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ, ನಡೆಸಬೇಡಿ. ಒಮ್ಮೆ ಇಳಿದ ಲಕ್ಷಣ ಕೆಲವು ಗಂಟೆಗಳ ನಂತರ ಮರಳಬಹುದು. ಚುಚ್ಚುಮದ್ದು ಕೊಟ್ಟ ಮೇಲೂ ವೈದ್ಯರು ಮನೆಗೆ ಬಿಡದೆ ಇಟ್ಟುಕೊಳ್ಳುವುದು ಅದಕ್ಕೇ.