ಹಳೆಯ ಬುಲೆಟ್ಟಿಗೆ ಐದನೆಯ ಗೇರು

ಬಂಟ್ವಾಳದಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ ಹೋಗಿ, ಅಲ್ಲಿಂದ ವೇಣೂರಿನ ಮೂಲಕ ಬೆಳ್ತಂಗಡಿ ಸೇರಿ, ಮುಂದೆ ಚಾರ್ಮಾಡಿ ಘಾಟಿಯನ್ನು ಹತ್ತಿದವರು ಈ ಸೀಮೆಯಲ್ಲಿ ಸಮತಟ್ಟಾದ ದಾರಿ ಎಷ್ಟು ಅಪರೂಪವೆಂಬುದನ್ನು ಬಲ್ಲರು. ಏರು, ಇಳಿವು, ತಿರುವು; ಮತ್ತೆ ಏರು. ಇಲ್ಲಿ ಮೋಟಾರ್ ಸೈಕಲ್ ಓಡಿಸುವವನ ಕಾಲು ಕೈಗಿಂತ ಹೆಚ್ಚು ದುಡಿಯುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ನನ್ನನ್ನು ಈ ದಾರಿಗಳಲ್ಲಿ ಹೊತ್ತ ನಾಲ್ಕು ಗೇರಿನ ಬುಲೆಟ್ಟಿಗೆ ನಮ್ಮ ಮನೆಯ ಜಗಲಿಯಲ್ಲೇ ಐದು ಗೇರಿನ ಪೆಟ್ಟಿಗೆಯೊಂದನ್ನು ಕೂಡಿಸಿದೆವು. ಕೂಡಿಸಿದವನು ನನ್ನ ತಮ್ಮನ ಮಗ; ಪಕ್ಕದಲ್ಲಿ ದೀಪ ಹಿಡಿದು ನಿಂತವನು ನಾನು. ಈ ಸಣ್ಣ ಕೆಲಸದ ಹಿಂದೆ ಇರುವ ಚರಿತ್ರೆ ಅಷ್ಟು ಸಣ್ಣದಲ್ಲ.

ಮೊತ್ತಮೊದಲ ಮೋಟಾರ್ ಸೈಕಲ್ಲುಗಳಿಗೆ ಗೇರೇ ಇರಲಿಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಒಂದು ಬೆಲ್ಟು, ಅಷ್ಟೆ. ದಿಬ್ಬ ಬಂದರೆ ಸವಾರನು ಪೆಡಲು ತುಳಿಯಬೇಕು, ಇಲ್ಲವೆ ಇಳಿದು ವಾಹನದ ಜೊತೆಯಲ್ಲಿ ಓಡಬೇಕು. ಮುಂದೆ ಗೇರುಗಳು ಬಂದವು. ಅವುಗಳ ಹಿಡಿಯು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿತ್ತು. ಒಂದು ಕೈಯನ್ನು ಹ್ಯಾಂಡಲಿನಿಂದ ತೆಗೆದು ಗೇರು ಬದಲಿಸಬೇಕಾಗಿತ್ತು. 1920ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ವೆಲೊಸೆಟ್ ಕಾರ್ಖಾನೆಯ ಹೆರಾಲ್ಡ್ ವಿಲಿಸ್ ಎಂಬ ಎಂಜಿನಿಯರು, ಒಂದು ತುಳಿತಕ್ಕೆ ಒಂದೇ ಗೇರು ಬದಲಾಗಿ, ಪೆಡಲು ತಾನಾಗಿಯೇ ಮೊದಲಿನ ಸ್ಥಾನಕ್ಕೆ ಮರಳುವ ವ್ಯವಸ್ಥೆಯನ್ನು ರೂಪಿಸಿದನು. ಕೈಯ ಕೆಲಸ ಕಾಲಿಗೆ ಬಂತು. ಇಂಗ್ಲಿಷರು ಅದನ್ನು ಬಹುಮಟ್ಟಿಗೆ ಬಲಗಾಲಿಗೆ ಒಪ್ಪಿಸಿದರು.

ಆ ಕಾಲದ ಇಂಗ್ಲೆಂಡಿನಲ್ಲಿ ಇನ್ನೊಂದು ವಾಡಿಕೆಯಿತ್ತು. ಎಂಜಿನ್ನನ್ನು ಮಾಡುವ ಕಾರ್ಖಾನೆ ಅನೇಕ ವೇಳೆ ಗೇರ್‌ಬಾಕ್ಸನ್ನು ತಾನೇ ಮಾಡುತ್ತಿರಲಿಲ್ಲ; ಬೇರೆಯವರಿಂದ ಕೊಳ್ಳುತ್ತಿತ್ತು. ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್‌ನವರು ಕೊಳ್ಳುತ್ತಿದ್ದುದು ಆಲ್ಬಿಯನ್ ಎಂಬ ಕಂಪೆನಿಯ ಪೆಟ್ಟಿಗೆಯನ್ನು. ಆದಕಾರಣ ಬುಲೆಟ್ಟಿನಲ್ಲಿ ಎಂಜಿನ್ ಒಂದು ಗಡಿಗೆ, ಗೇರ್‌ಬಾಕ್ಸ್ ಅದರ ಬೆನ್ನಿಗೆ ಬಿಗಿದ ಇನ್ನೊಂದು ಗಡಿಗೆ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ, ತಿರುವೊಟ್ಟಿಯೂರಿನಲ್ಲಿ ಬುಲೆಟ್ ತಯಾರಾಗತೊಡಗಿದಾಗ ಈ ವಿನ್ಯಾಸವೂ ಅದರೊಡನೆ ಬಂತು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಒಂದನೆಯ ಗೇರಿಗೆ ಪೆಡಲನ್ನು ಮೇಲೆತ್ತಬೇಕು, ಉಳಿದ ಮೂರಕ್ಕೆ ಕೆಳಗೆ ಒತ್ತಬೇಕು. ಹಿಮ್ಮಡಿಯಿಂದ ತುಳಿದರೆ ನೇರವಾಗಿ ನ್ಯೂಟ್ರಲ್ಲಿಗೆ ಬರುವ ಕಿರುಪೆಡಲೊಂದು ಪ್ರತ್ಯೇಕವಾಗಿಯೇ ಇತ್ತು. ಪೇಟೆಯ ಜನಸಂದಣಿಯಲ್ಲಿ ಅದರಂಥ ಉಪಕಾರಿ ಬೇರೆ ಇರಲಿಲ್ಲ.

ನಮ್ಮ ರಾಜ್ಯದಲ್ಲೇ ಹುಟ್ಟಿದ ಬೈಕಿನ ಕತೆ ಇದಕ್ಕೆ ನೇರ ವಿರುದ್ಧ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾ ಚೆಕೊಸ್ಲೊವಾಕಿಯದ ಸಂತಾನ. ಅದರ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಗೇರಿನ ಪೆಡಲನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್! ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಾದರೂ ಈ ಕೌತುಕ ಬದಲಾಗಲಿಲ್ಲ. ಹೀಗೆ ದಕ್ಷಿಣ ಭಾರತದ ಎರಡು ಕಾರ್ಖಾನೆಗಳು ದಶಕಗಳ ಕಾಲ ಸವಾರರ ಕಾಲುಗಳಿಗೆ ಎರಡು ಪರಸ್ಪರ ವಿರುದ್ಧವಾದ ವ್ಯಾಕರಣಗಳನ್ನು ಕಲಿಸಿದವು. ಗೆಳೆಯನ ಜಾವಾವನ್ನು ಎರವಲು ಪಡೆದ ದಿನ ನಾನು ತೀರಾ ಎಳಸು ವಿದ್ಯಾರ್ಥಿಯಂತೆ ತಡವರಿಸಿದ್ದುಂಟು.

ಆದರೆ ಜಾವಾದಲ್ಲಿ ಎಂಜಿನ್ನೂ ಗೇರೂ ಒಂದೇ ಗಡಿಗೆಯ ಒಳಗಿವೆ. ಗೇರನ್ನು ಮುಟ್ಟಬೇಕಾದರೆ ಇಡೀ ಎಂಜಿನ್ನನ್ನು ಎರಡು ಹೋಳಾಗಿ ಬಿಡಿಸಬೇಕು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೆ ಯೆಜ್ಡಿಯನ್ನು ಉಳಿಸಿಕೊಂಡವರು ಅದನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕಾಯಿತು. ಬುಲೆಟ್ಟಿನದು ಬೇರೆ ದೆಸೆ. ಅಮೆರಿಕದ ಸರಕಾರವು 1975ರ ಮಾದರಿಗಳಿಂದ ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು ಎಂದು ವಿಧಿಸಿದಾಗ ಇಂಗ್ಲೆಂಡಿನ ಕಾರ್ಖಾನೆಗಳು ತಲೆಬಾಗಿದವು. ಮದರಾಸು ಮಾತ್ರ ತನ್ನ ಪಾಡಿಗೆ ಬಲಗಾಲನ್ನೇ ನೆಚ್ಚಿಕೊಂಡಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಎಡಗಾಲಿನ ಐದು ಗೇರಿನ ಪೆಟ್ಟಿಗೆ ಬಂದಾಗ ಅದನ್ನು ಹಳೆಯ ಎರಕದ ಎಂಜಿನ್ನಿನ ಬೆನ್ನಿಗೂ ಹೊಂದುವಂತೆ ರೂಪಿಸಿದ್ದರು. ರೆಡಿಚ್ಚಿನವರು ಗೇರ್‌ಬಾಕ್ಸನ್ನು ಹೊರಗಿನಿಂದ ಕೊಳ್ಳುತ್ತಿದ್ದ ಆ ಹಳೆಯ ವ್ಯಾಪಾರೀ ವಾಡಿಕೆಯ ಫಲವನ್ನು ಬಂಟ್ವಾಳದ ಒಂದು ಜಗಲಿ ಅನುಭವಿಸಿತು.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಎಡಗಡೆಯ ಮುಚ್ಚಳ ತೆಗೆದು, ಎಣ್ಣೆ ಇಳಿಸಿ, ಕ್ಲಚ್ಚನ್ನು ಕಳಚಬೇಕು. ಅದಕ್ಕೆಂದೇ ಇರುವ ಪುಲ್ಲರ್ ಇಲ್ಲದಿದ್ದರೆ ಕ್ಲಚ್ಚು ಜಪ್ಪಯ್ಯ ಎಂದರೂ ಬಾರದು. ಬಿ. ಸಿ. ರೋಡಿನ ಮೆಕ್ಯಾನಿಕನೊಬ್ಬ ತನ್ನದನ್ನು ಕೊಟ್ಟು, "ಮಾಸ್ಟ್ರೇ, ಸುತ್ತಿಗೆ ಮಾತ್ರ ಮುಟ್ಟಬೇಡಿ" ಎಂದು ಎಚ್ಚರಿಸಿ ಕಳುಹಿಸಿದನು. ಗೇರ್‌ಬಾಕ್ಸನ್ನು ಹಿಡಿದ ಬೋಲ್ಟುಗಳನ್ನು ಬಿಡಿಸಿದ ಮೇಲೆ ಹಳೆಯ ಪೆಟ್ಟಿಗೆ ಗೋಣಿಯ ಮೇಲೆ ಬಂದು ಕುಳಿತಿತು. ಹೊಸದು ಅದರ ಜಾಗದಲ್ಲಿ ಸುಮ್ಮನೆ ಹೊಂದಿಕೊಂಡಿತು. ತೊಡಕಾದದ್ದು ಬ್ರೇಕಿನದು. ಪೆಡಲನ್ನು ಬಲಕ್ಕೆ ತಂದು, ಅಲ್ಲಿಂದ ಅಡ್ಡಸರಳನ್ನು ಹಾಯಿಸಿ, ಎಡಗಡೆಯ ಬ್ರೇಕಿಗೆ ಜೋಡಿಸುವುದರಲ್ಲಿ ಒಂದು ದಿನವೇ ಕಳೆಯಿತು. ಐದನೆಯ ಗೇರಿನಿಂದ ವೇಗ ಹೆಚ್ಚುತ್ತದೆಂದು ಅನೇಕರು ತಿಳಿದಿದ್ದಾರೆ. ಅದರ ನಿಜವಾದ ಉಪಯೋಗ ಗೇರುಗೇರಿನ ನಡುವಣ ಅಂತರ ಕಿರಿದಾಗುವುದರಲ್ಲಿದೆ. ಚಾರ್ಮಾಡಿಯ ತಿರುವುಗಳಲ್ಲಿ ಎರಡನೆಯದು ಅರಚುತ್ತ, ಮೂರನೆಯದು ಏದುಸಿರು ಬಿಡುತ್ತ ಇದ್ದ ನನ್ನ ಗಾಡಿ ಮೊದಲ ಬಾರಿಗೆ ಸಮಾಧಾನದಿಂದ ಘಾಟಿ ಹತ್ತಿತು.

ಇಳಿಯುವಾಗ ಮಳೆ ಹನಿಯುತ್ತಿತ್ತು. ತಿರುವಿನಲ್ಲಿ ಒಂದು ದನ ಅಡ್ಡ ಬಂತು. ಮೂವತ್ತು ವರ್ಷ ಬ್ರೇಕು ತುಳಿದಿದ್ದ ಎಡಗಾಲು ನನ್ನನ್ನು ಕೇಳದೆ ತುಳಿಯಿತು. ಅಲ್ಲಿ ಈಗ ಇದ್ದುದು ಗೇರು. ಗಾಡಿ ಕೆಳಗಿನ ಗೇರಿಗೆ ಬಿದ್ದು, ಹಿಂದಿನ ಚಕ್ರ ಒಮ್ಮೆಲೆ ಬಿಗಿದು ಪಕ್ಕಕ್ಕೆ ಜಾರಿತು. ಮುಂದಿನ ಬ್ರೇಕನ್ನು ಕೈ ಹಿಡಿದುದರಿಂದ ನಾನೂ ದನವೂ ಉಳಿದೆವು. ಪೆಟ್ಟಿಗೆ ಬೇರೆಯಾಗಿದ್ದುದರಿಂದ ಬದಲಾಯಿಸಬಹುದಾಗಿತ್ತು, ಸರಿ. ಕಾಲಿನ ನೆನಪು ಹಾಗೆ ಬೋಲ್ಟು ಬಿಚ್ಚಿ ತೆಗೆಯುವಂಥದಲ್ಲವಲ್ಲ!

ಮನೆಗೆ ಬಂದು ಹಳೆಯದನ್ನೇ ಮತ್ತೆ ಕೂಡಿಸಿಬಿಡು ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಪ್ಪಾ, ಹಳೆಯದನ್ನು ಓಡಿಸುವಾಗ ನನಗೆ ಆದದ್ದೂ ಇದೇ. ನಿಮಗೆ ಹೇಳಿರಲಿಲ್ಲ" ಎಂದನು. ಅವನು ಕಲಿತದ್ದೆಲ್ಲ ಎಡಗಾಲಿನ ಗೇರಿನಲ್ಲಿ. ನನ್ನ ಗಾಡಿಯನ್ನು ತೆಗೆದುಕೊಂಡು ಹೋದಾಗಲೆಲ್ಲ ಅವನು ಗಂಡಾಂತರದಲ್ಲಿದ್ದನೆಂಬುದು ನನಗೆ ಹೊಳೆದೇ ಇರಲಿಲ್ಲ.

ತರಗತಿಗಳಲ್ಲಿ ಗ್ರಂಥಸಂಪಾದನೆಯನ್ನು ಬೋಧಿಸಿದವನು ನಾನು. ಮೂಡುಬಿದಿರೆಯ ಬಸದಿಯಲ್ಲಿ ಧವಳಾ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ಉಳಿದು ಬಂದುದನ್ನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ; ತಿದ್ದಿದ ಪಾಠವನ್ನು ಮೇಲೆ ಅಚ್ಚು ಹಾಕಿದರೂ ಹಳೆಯ ಪಾಠವನ್ನು ಅಡಿಯಲ್ಲಿ ಕೊಡದ ಸಂಪಾದಕನನ್ನು ನಂಬಬೇಡಿ ಎನ್ನುತ್ತಿದ್ದೆ. ಬುಲೆಟ್ಟು ಈಗ ಹುಡುಗನದು. ನಾನು ಹಿಂದೆ ಕುಳಿತು ಹೋಗುತ್ತೇನೆ. ಇಳಿಜಾರಿನಲ್ಲಿ ಎಡಗಾಲು ಈಗಲೂ ಒಮ್ಮೊಮ್ಮೆ ಗಾಳಿಯನ್ನು ತುಳಿಯುತ್ತದೆ. ಆಲ್ಬಿಯನ್ ಪೆಟ್ಟಿಗೆ ಗ್ರೀಸು ಮೆತ್ತಿಸಿಕೊಂಡು, ಗೋಣಿ ಸುತ್ತಿಕೊಂಡು ಅಟ್ಟದ ಮೇಲಿದೆ. ನಮ್ಮೂರ ಮಳೆಗಾಲದಲ್ಲಿ ಕಬ್ಬಿಣಕ್ಕೆ ತುಕ್ಕು ಬೇಗ. ತಿಂಗಳಿಗೊಮ್ಮೆ ಹತ್ತಿ ಅದರ ಶಾಫ್ಟನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ ಇಳಿದು ಬರುತ್ತೇನೆ.